ಯಂತ್ರದೊಳಗೊಂದು ಯಂತ್ರ: ವರ್ಚುವಲ್ ಮೆಷಿನ್ ಅಣಿಗೊಳಿಸುವ ಬಗೆ



ಅಂತಿಮ ವರ್ಷದ ಮೂವರು ವಿದ್ಯಾರ್ಥಿಗಳು ಗ್ರಂಥಾಲಯದ ಪುಸ್ತಕಗಳ ಲೆಕ್ಕ ಇಡುವ ಒಂದು ತಂತ್ರಾಂಶವನ್ನು ಬರೆದಿದ್ದಾರೆ ಎಂದಿಟ್ಟುಕೊಳ್ಳೋಣ. ಒಬ್ಬಳ ಲ್ಯಾಪ್‌ಟಾಪಿನಲ್ಲಿ, ವಿಂಡೋಸ್ ಮೇಲೆ, ಅದು ತಿಂಗಳುಗಟ್ಟಲೆ ಚೆನ್ನಾಗಿಯೇ ನಡೆದಿದೆ. ಮೌಲ್ಯಮಾಪನದ ದಿನ ಅದನ್ನು ಕಾಲೇಜಿನ ಲಿನಕ್ಸ್ ಸರ್ವರ್ ಮೇಲೆ ಹಾಕಿದಾಗ ಮುಖಪುಟದ ಚಿತ್ರ ಕಾಣಿಸುತ್ತಿಲ್ಲ. ‘ಪುಸ್ತಕ’ ಎಂದು ಕನ್ನಡದಲ್ಲಿ ತುಂಬಿದ ಕಡೆ ಸಾಲಾಗಿ ಆರು ಪ್ರಶ್ನಾರ್ಥಕ ಚಿಹ್ನೆಗಳು ನಿಂತಿವೆ. ರಾತ್ರಿಯೆಲ್ಲ ಕುಳಿತು ಬೆಳಗಿನ 5 ಗಂಟೆಗೆ ಸೇರಿಸಿದ ದಾಖಲೆಗೆ ಹಿಂದಿನ ದಿನದ ತಾರೀಖು ಬಿದ್ದಿದೆ. ‘ನಮ್ಮ ಮನೇಲಿ ಸರಿಯಾಗೇ ನಡೀತಿತ್ತು ಸಾರ್’ ಎನ್ನುತ್ತಾರೆ ಮೂವರೂ. ಅವರು ಹೇಳುವುದು ನಿಜ. ಆದರೆ ಅಂಕ ಕೊಡುವವರ ಮುಂದಿರುವುದು ಮನೆಯ ಯಂತ್ರವಲ್ಲ.

ಈ ಮೂರು ದೋಷಗಳೂ ಪ್ರೋಗ್ರಾಮಿನ ತರ್ಕದಲ್ಲಿ ಇಲ್ಲ, ಯಂತ್ರ ಯಂತ್ರಗಳ ನಡುವಿನ ವ್ಯತ್ಯಾಸದಲ್ಲಿ ಇವೆ. ವಿಂಡೋಸ್ ಕಡತದ ಹೆಸರಿನಲ್ಲಿ ದೊಡ್ಡ ಮತ್ತು ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಸಾಮಾನ್ಯವಾಗಿ ಒಂದೇ ಎಂದು ಎಣಿಸುತ್ತದೆ, ಲಿನಕ್ಸ್ ಬೇರೆ ಬೇರೆ ಎಂದು ಎಣಿಸುತ್ತದೆ. ಚಿತ್ರ ಕಾಣೆಯಾದದ್ದು ಹೀಗೆ. ತಾರೀಖಿನ ಕಥೆಯೂ ಸರಳ. ಲ್ಯಾಪ್‌ಟಾಪ್ ಭಾರತೀಯ ಕಾಲಮಾನದಲ್ಲಿತ್ತು, ಸರ್ವರ್ ಅದಕ್ಕಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಪ್ರಮಾಣ ಕಾಲದಲ್ಲಿತ್ತು. ನಮ್ಮ ಬೆಳಗಿನ 5 ಅದಕ್ಕೆ ಹಿಂದಿನ ರಾತ್ರಿಯ 11 ಗಂಟೆ 30 ನಿಮಿಷ.

ಕನ್ನಡದ ಅಕ್ಷರಗಳ ವಿಷಯವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮೈಎಸ್‌ಕ್ಯೂಎಲ್ ಎಂಬ ದತ್ತಸಂಚಯ ತಂತ್ರಾಂಶ 5.7ನೆಯ ಆವೃತ್ತಿಯವರೆಗೂ, ನಾವು ಬೇರೆ ಹೇಳದ ಹೊರತು, ‘ಲ್ಯಾಟಿನ್-1’ ಎಂಬ ಅಕ್ಷರಸಂಕೇತವನ್ನು ಬಳಸುತ್ತಿತ್ತು. ಅದರಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್, ಒಟ್ಟು 256 ಮನೆಗಳು. ಕನ್ನಡಕ್ಕೆ ಅಲ್ಲಿ ಒಂದು ಮನೆಯೂ ಇಲ್ಲ. 2018ರಲ್ಲಿ ಬಂದ 8.0 ಆವೃತ್ತಿಯಿಂದ ಯೂನಿಕೋಡ್ ತಾನಾಗಿಯೇ ಆಯ್ಕೆಯಾಗುತ್ತದೆ. ಯೂನಿಕೋಡಿನಲ್ಲಿ ‘ಪುಸ್ತಕ’ ಎಂಬುದು ಪ, ಉ-ಕಾರದ ಚಿಹ್ನೆ, ಸ, ಅರ್ಧಾಕ್ಷರ ಮಾಡುವ ಚಿಹ್ನೆ, ತ, ಕ ಎಂಬ ಆರು ಸಂಕೇತಗಳ ಸಾಲು. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 18. ಹಳೆಯ ಸರ್ವರ್ ಕಟ್ಟುನಿಟ್ಟಿನ ಸ್ಥಿತಿಯಲ್ಲಿದ್ದರೆ ಇದನ್ನು ದೋಷವೆಂದು ತಿರಸ್ಕರಿಸುತ್ತದೆ. ಸಡಿಲವಾಗಿದ್ದರೆ ಸಂಕೇತಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಬರೆದು ಸುಮ್ಮನಾಗುತ್ತದೆ. ನಮ್ಮ ಕಿವಿಗೆ ಮೂರೇ ಅಕ್ಷರವಾದ ಪದಕ್ಕೆ ಆರು ಚಿಹ್ನೆಗಳು ಬಂದದ್ದು ಈ ಕಾರಣದಿಂದ. ಹಾಗೆ ಒಮ್ಮೆ ಬರೆದ ಮೇಲೆ ಮೂಲ ಅಕ್ಷರಗಳು ಮತ್ತೆ ಸಿಗುವುದಿಲ್ಲ ಎಂಬುದು ಇಲ್ಲಿ ದೊಡ್ಡ ನಷ್ಟ.

ಇದಕ್ಕೆ ಪರಿಹಾರವೆಂದರೆ, ಕಾಲೇಜಿನ ಸರ್ವರನ್ನು ಹೋಲುವ ಇನ್ನೊಂದು ಯಂತ್ರವನ್ನು ಮನೆಯಲ್ಲಿಯೇ ಇಟ್ಟುಕೊಂಡು ಅದರ ಮೇಲೆ ಬರೆಯುವುದು, ಪರೀಕ್ಷಿಸುವುದು. ಇನ್ನೊಂದು ಯಂತ್ರವನ್ನು ಕೊಳ್ಳಬೇಕಾಗಿಲ್ಲ. ಇರುವ ಲ್ಯಾಪ್‌ಟಾಪಿನ ಒಳಗೇ ಅದನ್ನು ಕಟ್ಟಬಹುದು. ಅದಕ್ಕೇ ವರ್ಚುವಲ್ ಮೆಷಿನ್ ಎಂದು ಹೆಸರು. ಕನ್ನಡದಲ್ಲಿ ಕೆಲವರು ‘ಮಿಥ್ಯಾಯಂತ್ರ’ ಎನ್ನುವುದುಂಟು. ನನಗೆ ಅದು ಅಷ್ಟು ಒಪ್ಪಿಗೆಯಿಲ್ಲ, ಏಕೆಂದರೆ ಅದು ಮಾಡುವ ಕೆಲಸದಲ್ಲಿ ಮಿಥ್ಯೆಯೇನೂ ಇಲ್ಲ. ಈ ಲೇಖನದ ಮಟ್ಟಿಗೆ ಲ್ಯಾಪ್‌ಟಾಪನ್ನು ‘ಮೂಲಯಂತ್ರ’ ಎಂದೂ ಅದರೊಳಗೆ ಕಟ್ಟುವುದನ್ನು ‘ಒಳಯಂತ್ರ’ ಎಂದೂ ಕರೆಯೋಣ. ತಂತ್ರಾಂಶದ ಪರದೆಯ ಮೇಲೆ ಇವೇ ‘ಹೋಸ್ಟ್’ ಮತ್ತು ‘ಗೆಸ್ಟ್’ ಎಂದು ಕಾಣಿಸುತ್ತವೆ.

ಈ ಕಲ್ಪನೆ ಹೊಸದೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಸಂಸ್ಥೆಯ ವೈಜ್ಞಾನಿಕ ಕೇಂದ್ರದಲ್ಲಿ 1967ರಲ್ಲಿ ‘ಸಿಪಿ-40’ ಎಂಬ ವ್ಯವಸ್ಥೆ ಬಳಕೆಗೆ ಬಂದಿತು. ಅಂದಿನ ಗಣಕಯಂತ್ರ ಒಂದು ಕೋಣೆಯನ್ನೇ ತುಂಬುವಷ್ಟು ದೊಡ್ಡದು, ಬೆಲೆಯೂ ಬಹಳ. ಅಂತಹ ಒಂದೇ ಯಂತ್ರವನ್ನು ಸಿಪಿ-40 ಹಲವು ಯಂತ್ರಗಳಂತೆ ತೋರಿಸಿತು. ಪ್ರತಿಯೊಬ್ಬ ಬಳಕೆದಾರನಿಗೂ ಇಡೀ ಯಂತ್ರ ತನ್ನದೇ ಎಂಬಂತೆ ಕಾಣುತ್ತಿತ್ತು. ಐಬಿಎಂ 1972ರಲ್ಲಿ ಇದೇ ವಂಶದ ‘ವಿಎಂ/370’ ಅನ್ನು ಗ್ರಾಹಕರಿಗೆ ಪ್ರಕಟಿಸಿತು. ಅದನ್ನು ಸಿದ್ಧಪಡಿಸುವಾಗ ಬೇಕಾದ ಹೊಸ ಯಂತ್ರಾಂಶ ಇನ್ನೂ ಕೈಗೆ ಸಿಕ್ಕಿರಲಿಲ್ಲ. ಹಳೆಯ ಯಂತ್ರದ ಮೇಲೆ ಹೊಸ ಯಂತ್ರವನ್ನು ತೋರಿಕೆಯಾಗಿ ಕಟ್ಟಿಕೊಂಡು, ಇನ್ನೂ ಬಾರದ ಯಂತ್ರಕ್ಕೆ ಅಲ್ಲಿನ ತಂತ್ರಜ್ಞರು ತಂತ್ರಾಂಶ ಬರೆದರು. ನಮ್ಮ ಮೂವರು ವಿದ್ಯಾರ್ಥಿಗಳಿಗೆ ಬೇಕಾದದ್ದೂ ಇದೇ ಉಪಾಯ.

ಎಂತಹ ಪ್ರೊಸೆಸರಿನ ಮೇಲೆ ಹೀಗೆ ಯಂತ್ರದೊಳಗೆ ಯಂತ್ರ ಕಟ್ಟಲು ಸಾಧ್ಯ? 1974ರಲ್ಲಿ ಪೊಪೆಕ್ ಮತ್ತು ಗೋಲ್ಡ್‌ಬರ್ಗ್ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೆ ಗಣಿತದ ಉತ್ತರ ಕೊಟ್ಟರು. ಸ್ಥೂಲವಾಗಿ ಹೇಳುವುದಾದರೆ, ಇಡೀ ಯಂತ್ರದ ಸ್ಥಿತಿಯನ್ನು ಮುಟ್ಟುವ ಯಾವ ಆದೇಶವನ್ನೇ ಆಗಲಿ ಒಳಯಂತ್ರ ಕೊಟ್ಟರೆ, ಪ್ರೊಸೆಸರ್ ಅಲ್ಲಿಯೇ ನಿಂತು ಮೇಲ್ವಿಚಾರಕ ತಂತ್ರಾಂಶವನ್ನು ಕರೆಯಬೇಕು. ನಮ್ಮ ಮನೆಗಳಿಗೆ ಬಂದ ಇಂಟೆಲ್ ಜಾತಿಯ ಪ್ರೊಸೆಸರುಗಳು ಈ ನಿಯಮಕ್ಕೆ ಒಳಪಡಲಿಲ್ಲ. ಅವುಗಳಲ್ಲಿ ‘ಪಾಪ್‌ಎಫ್’ ಎಂಬ ಒಂದು ಆದೇಶವಿದೆ. ಅಧಿಕಾರವಿರುವ ಪ್ರೋಗ್ರಾಮ್ ಅದನ್ನು ಬಳಸಿ ಹೊರಗಿನ ಅಡಚಣೆಗಳನ್ನು ತಡೆಹಿಡಿಯಬಹುದು. ಅಧಿಕಾರವಿಲ್ಲದ ಪ್ರೋಗ್ರಾಮ್ ಅದೇ ಪ್ರಯತ್ನ ಮಾಡಿದರೆ ಪ್ರೊಸೆಸರ್ ಆ ಕೆಲಸವನ್ನು ಮಾಡುವುದೂ ಇಲ್ಲ, ದೂರುವುದೂ ಇಲ್ಲ. ಮೇಲ್ವಿಚಾರಕನಿಗೆ ಸುದ್ದಿಯೇ ತಲುಪುವುದಿಲ್ಲ. ಒಳಯಂತ್ರವಾದರೋ ಕೆಲಸ ಆಯಿತೆಂದೇ ತಿಳಿದು ಮುಂದುವರಿಯುತ್ತದೆ. ವಿಎಂವೇರ್ ಸಂಸ್ಥೆ 1999ರಲ್ಲಿ ಹೊರತಂದ ತಂತ್ರಾಂಶ ಇಂತಹ ತೊಡಕಿನ ಆದೇಶಗಳನ್ನು ಓಡುತ್ತಿರುವಾಗಲೇ ಗುರುತಿಸಿ ಬೇರೆ ಆದೇಶಗಳಿಗೆ ಅನುವಾದಿಸಿ ತೊಂದರೆಯನ್ನು ದಾಟಿತು. ಆಮೇಲೆ ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಪ್ರೊಸೆಸರಿನೊಳಗೇ ಇದಕ್ಕೆ ಪ್ರತ್ಯೇಕ ಸೌಲಭ್ಯವನ್ನು ಕೊಟ್ಟವು.

ಅಣಿಗೊಳಿಸುವ ಕೆಲಸದ ಮೊದಲ ಹೆಜ್ಜೆ ಇಲ್ಲಿಯೇ ಇದೆ. ಈ ಸೌಲಭ್ಯವಿದ್ದರೂ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಅದನ್ನು ಆರಿಸಿಟ್ಟಿರುತ್ತಾರೆ. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಭಾಗವನ್ನು ನೋಡಿ. ‘ವರ್ಚುವಲೈಸೇಶನ್’ ಎಂಬುದರ ಎದುರು ‘ಎನೇಬಲ್ಡ್’ ಎಂದಿದ್ದರೆ ಸರಿ. ಇಲ್ಲದಿದ್ದರೆ ಯಂತ್ರವನ್ನು ಮತ್ತೆ ಚಾಲೂ ಮಾಡಿ, ಬಯಾಸ್ ಪುಟಕ್ಕೆ ಹೋಗಿ ಅದನ್ನು ಹೊತ್ತಿಸಬೇಕು. 2020ರಿಂದ ಬಂದಿರುವ ಎಂ ಸರಣಿಯ ಚಿಪ್ಪುಳ್ಳ ಆಪಲ್ ಲ್ಯಾಪ್‌ಟಾಪ್ ನಿಮ್ಮದಾದರೆ ಪ್ರೊಸೆಸರಿನ ಜಾತಿಯೇ ಬೇರೆ, ಒಳಯಂತ್ರಕ್ಕೂ ಎಆರ್‌ಎಂ ಜಾತಿಯ ಲಿನಕ್ಸನ್ನೇ ಹಾಕಬೇಕು.

ಇನ್ನು 8 ಜಿಬಿ ಮೆಮೊರಿ, 4 ಕೋರ್ ಇರುವ ಸಾಧಾರಣ ವಿಂಡೋಸ್ ಲ್ಯಾಪ್‌ಟಾಪನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಮುಂದೆ ಹೋಗೋಣ. ಉಚಿತವಾಗಿ ಸಿಗುವ ವರ್ಚುವಲ್‌ಬಾಕ್ಸ್ ತಂತ್ರಾಂಶ ಮೂಲಯಂತ್ರದ ಮೇಲೆ, ಡೆಬಿಯನ್ ಲಿನಕ್ಸ್ ಒಳಯಂತ್ರದಲ್ಲಿ. ಡೆಬಿಯನ್ನಿನ ಸಣ್ಣ ಸ್ಥಾಪನಾ ಕಡತ 1 ಜಿಬಿಗಿಂತ ಕಡಿಮೆ. ಉಳಿದದ್ದನ್ನು ಅದು ಜಾಲದಿಂದ ತರಿಸಿಕೊಳ್ಳುತ್ತದೆ.

ಮೆಮೊರಿಯನ್ನು ಹಂಚುವಾಗ ಉದಾರವಾಗಬೇಡಿ. ವಿಂಡೋಸ್ ಮತ್ತು ಒಂದು ಬ್ರೌಸರ್ ಸೇರಿಯೇ 4 ಜಿಬಿಯಷ್ಟು ನುಂಗಬಲ್ಲವು. ಒಳಯಂತ್ರಕ್ಕೆ 6 ಜಿಬಿ ಬರೆದುಕೊಟ್ಟರೆ ಅದು ವೇಗವಾಗುತ್ತದೆ ಎಂಬುದು ತಪ್ಪು ಲೆಕ್ಕ. ಮೂಲಯಂತ್ರಕ್ಕೆ ಉಸಿರು ಕಟ್ಟಿ, ಅದು ಮೆಮೊರಿಯ ಪುಟಗಳನ್ನು ಡಿಸ್ಕಿಗೆ ಸಾಗಿಸುತ್ತ ತರಿಸುತ್ತ ಕೂರುತ್ತದೆ, ಕೊನೆಗೆ ಎರಡೂ ಯಂತ್ರಗಳು ತೆವಳುತ್ತವೆ. ಚಿತ್ರಮಯ ಡೆಸ್ಕ್‌ಟಾಪ್ ಇಲ್ಲದ ಡೆಬಿಯನ್, ಒಂದು ವೆಬ್ ಸರ್ವರ್, ಒಂದು ದತ್ತಸಂಚಯ, ಇಷ್ಟಕ್ಕೆ 2 ಜಿಬಿ ಧಾರಾಳ. ಕಾಲೇಜಿನ ಸರ್ವರಿನಲ್ಲೂ ಡೆಸ್ಕ್‌ಟಾಪ್ ಇರುವುದು ಅಪರೂಪ. ಪ್ರೊಸೆಸರುಗಳನ್ನು 2 ಕೊಟ್ಟರೆ ಸಾಕು.

ಡಿಸ್ಕಿನ ವಿಷಯದಲ್ಲಿ ಸ್ವಲ್ಪ ಧಾರಾಳವಾಗಬಹುದು. ಒಳಯಂತ್ರದ ಡಿಸ್ಕ್ ಎಂದರೆ ಮೂಲಯಂತ್ರದ ಒಂದು ಕಡತ. 25 ಜಿಬಿ ಎಂದು ಬರೆದರೂ, ‘ಬೆಳೆಯುವ ಡಿಸ್ಕ್’ ಆಯ್ಕೆಯಲ್ಲಿ ಅದು ಮೊದಲಿಗೆ ಬಹಳ ಚಿಕ್ಕದಾಗಿದ್ದು, ನಾವು ತುಂಬಿದಷ್ಟೇ ಬೆಳೆಯುತ್ತದೆ. ಒಂದು ಎಚ್ಚರಿಕೆ: ಬೆಳೆದದ್ದು ತಾನಾಗಿ ಕುಗ್ಗುವುದಿಲ್ಲ. ಒಳಗೆ ಕಡತಗಳನ್ನು ಅಳಿಸಿದರೂ ಹೊರಗಿನ ಗಾತ್ರ ಹಾಗೆಯೇ ಉಳಿಯುತ್ತದೆ.

ಹೆಚ್ಚು ವಿದ್ಯಾರ್ಥಿಗಳು ತಡವರಿಸುವುದು ಜಾಲದ ಅಂಕಣದಲ್ಲಿ. ವರ್ಚುವಲ್‌ಬಾಕ್ಸ್ ತಾನಾಗಿ ಆರಿಸುವುದು ‘ನ್ಯಾಟ್’ ಎಂಬ ವಿಧಾನವನ್ನು. ವಿದ್ಯಾರ್ಥಿನಿಲಯವನ್ನು ನೆನೆಯಿರಿ. ಒಳಗಿನವರು ಯಾರಿಗೆ ಬೇಕಾದರೂ ಪತ್ರ ಬರೆಯಬಹುದು. ಹೊರಗಿನ ಪತ್ರ ಮಾತ್ರ ನಿಲಯದ ವಿಳಾಸಕ್ಕೆ ಬರಬೇಕು, ಕೋಣೆಯ ಸಂಖ್ಯೆ ಇಲ್ಲದಿದ್ದರೆ ಅದು ಬಾಗಿಲಲ್ಲೇ ಉಳಿಯುತ್ತದೆ. ಒಳಯಂತ್ರಕ್ಕೆ ಸಾಮಾನ್ಯವಾಗಿ 10.0.2.15 ಎಂಬ ವಿಳಾಸ ಸಿಗುತ್ತದೆ. ಅದು ಅಂತರಜಾಲವನ್ನು ಮುಟ್ಟಬಲ್ಲದು, ಆದರೆ ನೀವು ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಆ ವಿಳಾಸವನ್ನು ಹೊಡೆದರೆ ಏನೂ ಬಾರದು. ಕೋಣೆಯ ಸಂಖ್ಯೆಯನ್ನು ಬರೆದುಕೊಡುವ ಕೆಲಸಕ್ಕೆ ‘ಪೋರ್ಟ್ ಫಾರ್ವರ್ಡಿಂಗ್’ ಎಂದು ಹೆಸರು. ಮೂಲಯಂತ್ರದ 8080ನೆಯ ಪೋರ್ಟಿಗೆ ಬಂದದ್ದನ್ನು ಒಳಯಂತ್ರದ 80ಕ್ಕೆ ಕಳಿಸು ಎಂದು ಒಂದು ಸಾಲು, 2222ಕ್ಕೆ ಬಂದದ್ದನ್ನು 22ಕ್ಕೆ ಕಳಿಸು ಎಂದು ಇನ್ನೊಂದು. ಮೊದಲನೆಯದು ವೆಬ್ ಪುಟಕ್ಕೆ, ಎರಡನೆಯದು ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು ಆದೇಶ ಕೊಡುವುದಕ್ಕೆ. ಆ ಸಾಲುಗಳಲ್ಲಿ ಮೂಲಯಂತ್ರದ ವಿಳಾಸದ ಮನೆಯನ್ನು ಖಾಲಿ ಬಿಡದೆ 127.0.0.1 ಎಂದು ತುಂಬಿ. ಖಾಲಿ ಬಿಟ್ಟರೆ ಹಾಸ್ಟೆಲಿನ ವೈಫೈನಲ್ಲಿರುವ ಇತರರೂ ನಿಮ್ಮ ಅರೆಬೆಂದ ಪ್ರಾಜೆಕ್ಟಿನ ಬಾಗಿಲು ತಟ್ಟಬಹುದು.

ಈ 127.0.0.1 ಎಂಬ ಸಂಖ್ಯೆಯೇ ಗೊಂದಲದ ಮೂಲ. ಅದು ‘ನಾನು’ ಎಂಬ ಪದದಂತೆ. ಯಾರು ಹೇಳುತ್ತಾರೋ ಅವರನ್ನೇ ಸೂಚಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಹೇಳಿದರೆ ಲ್ಯಾಪ್‌ಟಾಪ್, ಒಳಯಂತ್ರದಲ್ಲಿ ಹೇಳಿದರೆ ಒಳಯಂತ್ರ. ನಿಮ್ಮ ಪ್ರೋಗ್ರಾಮ್ ಒಳಯಂತ್ರದ 127.0.0.1ರಲ್ಲಿ ಮಾತ್ರ ಕಿವಿಗೊಟ್ಟು ಕುಳಿತಿದ್ದರೆ, ಹೊರಗಿನಿಂದ 10.0.2.15ಕ್ಕೆ ಬಂದ ಕರೆ ಅದಕ್ಕೆ ಕೇಳಿಸುವುದಿಲ್ಲ. 0.0.0.0, ಅಂದರೆ ‘ನನ್ನ ಎಲ್ಲ ವಿಳಾಸಗಳಲ್ಲೂ’ ಎಂದು ಅದಕ್ಕೆ ತಿಳಿಸಬೇಕು. ಒಳಗಿನಿಂದ ಮೂಲಯಂತ್ರವನ್ನು ಕರೆಯಬೇಕಾದರೆ 10.0.2.2 ಎನ್ನಬೇಕು. ‘ಎಲ್ಲ ಸರಿಯಿದೆ, ಪುಟ ಮಾತ್ರ ಬರುತ್ತಿಲ್ಲ’ ಎನ್ನುವವರು ಮೊದಲು ಇದನ್ನು ಪರೀಕ್ಷಿಸುವುದು ಒಳ್ಳೆಯದು. ‘ಬ್ರಿಜ್ಡ್’ ಎಂಬ ಇನ್ನೊಂದು ವಿಧಾನದಲ್ಲಿ ಒಳಯಂತ್ರ ನೇರವಾಗಿ ಊರಿನ ಜಾಲಕ್ಕೇ ಸೇರಿಕೊಂಡು ಪ್ರತ್ಯೇಕ ವಿಳಾಸ ಪಡೆಯುತ್ತದೆ. ಕಾಲೇಜಿನ ಜಾಲದಲ್ಲಿ ಅದನ್ನು ವ್ಯವಸ್ಥಾಪಕರ ಅನುಮತಿಯಿಲ್ಲದೆ ಬಳಸಬೇಡಿ.

ಈಗ ಪ್ರೋಗ್ರಾಮಿನ ಕಡತಗಳನ್ನು ಎಲ್ಲಿಡುವುದು? ಮೂಲಯಂತ್ರದ ಒಂದು ಫೋಲ್ಡರನ್ನು ಒಳಯಂತ್ರಕ್ಕೂ ಕಾಣಿಸುವಂತೆ ‘ಹಂಚಿದ ಫೋಲ್ಡರ್’ ಮಾಡುವ ಸೌಲಭ್ಯವಿದೆ. ವಿಂಡೋಸಿನಲ್ಲಿ ಬರೆಯುವುದು, ಲಿನಕ್ಸಿನಲ್ಲಿ ಓಡಿಸುವುದು. ಕೇಳಲು ಸೊಗಸಾಗಿದೆ, ಬಹಳ ಮಂದಿ ಇದನ್ನೇ ಮಾಡುತ್ತಾರೆ. ಆದರೆ ಆ ಫೋಲ್ಡರ್ ನಿಜವಾಗಿ ಇರುವುದು ವಿಂಡೋಸಿನ ಡಿಸ್ಕಿನ ಮೇಲೆ. ದೊಡ್ಡ ಅಕ್ಷರ ಸಣ್ಣ ಅಕ್ಷರ ಎರಡೂ ಒಂದೇ ಎಂಬ ವಿಂಡೋಸಿನ ರೂಢಿ ಅದರ ಜೊತೆಗೇ ಒಳಗೆ ಬರುತ್ತದೆ. ಮುಖಪುಟದ ಚಿತ್ರ ಮನೆಯಲ್ಲಿ ಮತ್ತೆ ಕಾಣಿಸುತ್ತದೆ, ಕಾಲೇಜಿನಲ್ಲಿ ಮತ್ತೆ ಮಾಯವಾಗುತ್ತದೆ! ಯಾವ ದೋಷವನ್ನು ಹಿಡಿಯಲೆಂದು ಯಂತ್ರ ಕಟ್ಟಿದೆವೋ ಅದೇ ದೋಷ ಅಡಗಿ ಕೂರುತ್ತದೆ. ಸಾವಿರಾರು ಸಣ್ಣ ಕಡತಗಳಿರುವಾಗ ಈ ದಾರಿ ನಿಧಾನವೂ ಹೌದು. ಆದ್ದರಿಂದ ಕಡತಗಳನ್ನು ಒಳಯಂತ್ರದಲ್ಲಿಯೇ ಇಟ್ಟು, ಎಸ್‌ಎಸ್‌ಎಚ್ ಮೂಲಕ ಸಂಪಾದಿಸುವ ಕ್ರಮವೇ ಉತ್ತಮ ಎಂದು ನನ್ನ ಅಭಿಪ್ರಾಯ. ದತ್ತಸಂಚಯದ ಕಡತಗಳನ್ನಂತೂ ಹಂಚಿದ ಫೋಲ್ಡರಿನಲ್ಲಿ ಇಡಲೇಬಾರದು.

ಇಷ್ಟಾದ ಮೇಲೆ ಕಾಲೇಜಿನ ಪ್ರಯೋಗಾಲಯಕ್ಕೆ ಹೋಗಿ ಸರ್ವರಿನ ವಿವರಗಳನ್ನು ಬರೆದುಕೊಂಡು ಬನ್ನಿ. ಯಾವ ಲಿನಕ್ಸ್, ಯಾವ ಆವೃತ್ತಿ, ದತ್ತಸಂಚಯದ ಆವೃತ್ತಿ ಮತ್ತು ಅಕ್ಷರಸಂಕೇತ, ಪಿಎಚ್‌ಪಿಯೋ ಪೈಥಾನೋ ಯಾವುದಿದ್ದರೆ ಅದರ ಆವೃತ್ತಿ, ಗಡಿಯಾರದ ವಲಯ. ಒಳಯಂತ್ರದಲ್ಲಿ ಅವನ್ನೇ ಹಾಕಬೇಕು, ‘ಇನ್ನೂ ಹೊಸದು ಸಿಕ್ಕಿತು’ ಎಂದು ಹೊಸದನ್ನು ಹಾಕಬಾರದು. ಸರ್ವರ್ ಲ್ಯಾಟಿನ್-1ರಲ್ಲಿದ್ದರೆ ಒಳಯಂತ್ರವನ್ನೂ ಲ್ಯಾಟಿನ್-1ರಲ್ಲಿಯೇ ಬಿಡಿ. ನಿಮ್ಮ ಪ್ರೋಗ್ರಾಮಿನ ಕೋಷ್ಟಕಗಳನ್ನು ಕಟ್ಟುವಾಗ, ಸಂಪರ್ಕ ತೆರೆಯುವಾಗ, ಎರಡೂ ಕಡೆ ‘ಯುಟಿಎಫ್8ಎಂಬಿ4’ ಎಂದು ನೀವೇ ಸ್ಪಷ್ಟವಾಗಿ ಬರೆಯಿರಿ. ಆಗ ‘ಪುಸ್ತಕ’ ಎಲ್ಲಿಯೂ ‘ಪುಸ್ತಕ’ವಾಗಿಯೇ ಉಳಿಯುತ್ತದೆ.

ಒಳಯಂತ್ರದ ಇನ್ನೊಂದು ಸೌಕರ್ಯ ‘ಸ್ನ್ಯಾಪ್‌ಶಾಟ್’. ಮನೆಯವರೆಲ್ಲ ಬಳಸುವ ಲ್ಯಾಪ್‌ಟಾಪಿನಲ್ಲಿ ಗೊತ್ತಿಲ್ಲದ ತಂತ್ರಾಂಶವನ್ನು ಹಾಕಿ ನೋಡಲು ಯಾರಿಗೂ ಅಂಜಿಕೆಯೇ. ಅಪ್ಪನ ಬ್ಯಾಂಕಿನ ಕಾಗದ, ತಂಗಿಯ ಫೋಟೋ ಎಲ್ಲ ಅದರಲ್ಲೇ ಇರುತ್ತವೆ. ಒಳಯಂತ್ರದಲ್ಲಿ ಆ ಅಂಜಿಕೆ ಬೇಡ. ಸ್ನ್ಯಾಪ್‌ಶಾಟ್ ತೆಗೆದ ಕ್ಷಣದಿಂದ ಹಳೆಯ ಡಿಸ್ಕ್ ಕಡತಕ್ಕೆ ಏನನ್ನೂ ಬರೆಯಲಾಗುವುದಿಲ್ಲ, ಮುಂದಿನ ಬದಲಾವಣೆಗಳೆಲ್ಲ ಬೇರೊಂದು ಕಡತಕ್ಕೆ ಹೋಗುತ್ತವೆ. ಪ್ರಯೋಗ ಕೆಟ್ಟರೆ ಆ ಎರಡನೆಯ ಕಡತವನ್ನು ಎಸೆದರಾಯಿತು, ಯಂತ್ರ ಹಿಂದಿನ ಸ್ಥಿತಿಗೆ ಮರಳುತ್ತದೆ. ಆದರೆ ಇದನ್ನು ಬ್ಯಾಕಪ್ ಎಂದು ಭಾವಿಸಬಾರದು. ಎರಡೂ ಕಡತಗಳು ಇರುವುದು ಒಂದೇ ಡಿಸ್ಕಿನ ಮೇಲೆ. ಲ್ಯಾಪ್‌ಟಾಪಿನ ಡಿಸ್ಕ್ ಕೆಟ್ಟರೆ ಎರಡೂ ಹೋದವು. ಪ್ರೋಗ್ರಾಮಿನ ಪ್ರತಿ ಗಿಟ್ ಮೂಲಕ ಬೇರೊಂದು ಕಡೆ ಇರಲೇಬೇಕು.

ಇಲ್ಲಿಯವರೆಗೆ ಹೇಳಿದ್ದನ್ನೆಲ್ಲ ಕೈಯಿಂದ ಮಾಡಿ ಒಂದು ಯಂತ್ರ ಸಿದ್ಧವಾಯಿತು. ಆದರೆ ತಂಡದಲ್ಲಿ ಮೂವರಿದ್ದಾರೆ. ಉಳಿದಿಬ್ಬರೂ ಹೀಗೆಯೇ ಒಂದೊಂದಾಗಿ ಒತ್ತುತ್ತ ಹೋದರೆ ಯಾವುದೋ ಒಂದು ಮನೆ ತಪ್ಪಿಹೋಗಿ, ಮೂರು ಯಂತ್ರಗಳು ಮೂರು ಬಗೆಯಾಗುತ್ತವೆ. ಅದಕ್ಕಾಗಿ ಮಿಚೆಲ್ ಹಾಶಿಮೊಟೊ ಎಂಬ ಯುವಕ 2010ರಲ್ಲಿ ‘ವೇಗ್ರಂಟ್’ ಎಂಬ ಸಾಧನವನ್ನು ಹೊರತಂದ. ಯಂತ್ರದ ವಿವರಗಳನ್ನೆಲ್ಲ ‘ವೇಗ್ರಂಟ್‌ಫೈಲ್’ ಎಂಬ ಸಣ್ಣ ಪಠ್ಯಕಡತದಲ್ಲಿ ಬರೆಯುವುದು ಇದರ ಕ್ರಮ. ಮೂಲಪ್ರತಿ ಯಾವುದು, ಅದರ ಆವೃತ್ತಿ ಎಷ್ಟು, ಮೆಮೊರಿ 2048 ಎಂಬಿ, ಪ್ರೊಸೆಸರ್ 2, ಒಳಗಿನ 80 ಹೊರಗಿನ 8080, ಆಮೇಲೆ ಯಾವ ಯಾವ ತಂತ್ರಾಂಶ ಹಾಕಬೇಕು, ಗಡಿಯಾರ ಯಾವ ವಲಯದಲ್ಲಿರಬೇಕು. ಆ ಕಡತವನ್ನು ಪ್ರೋಗ್ರಾಮಿನ ಜೊತೆಗೇ ಗಿಟ್‌ನಲ್ಲಿ ಇಡಬೇಕು. ಗೆಳೆಯ ಅದನ್ನು ಪಡೆದು ‘ವೇಗ್ರಂಟ್ ಅಪ್’ ಎಂಬ ಒಂದು ಆದೇಶ ಕೊಟ್ಟರೆ, ಅವನ ಲ್ಯಾಪ್‌ಟಾಪಿನಲ್ಲಿಯೂ ಅದೇ ಯಂತ್ರ ಎದ್ದು ನಿಲ್ಲುತ್ತದೆ. ವೇಗ್ರಂಟ್ ಪ್ರಾಜೆಕ್ಟಿನ ಫೋಲ್ಡರನ್ನು ತಾನಾಗಿಯೇ ಒಳಯಂತ್ರಕ್ಕೆ ಹಂಚಿಬಿಡುತ್ತದೆ. ಮೇಲೆ ಹೇಳಿದ ಅಕ್ಷರಗಳ ತೊಡಕನ್ನು ನೆನಪಿಟ್ಟುಕೊಂಡು, ಕಡತಗಳನ್ನು ಒಳಗಿನ ಡಿಸ್ಕಿಗೆ ನಕಲಿಸಿಯೇ ಓಡಿಸಿ.

‘ಇದಕ್ಕೆಲ್ಲ ಡಾಕರ್ ಇದೆಯಲ್ಲ?’ ಎಂದು ಕೆಲವರು ಕೇಳಬಹುದು. 2013ರಲ್ಲಿ ಬಂದ ಡಾಕರ್ ಇಡೀ ಯಂತ್ರವನ್ನು ಕಟ್ಟುವುದಿಲ್ಲ. ಒಂದೇ ಲಿನಕ್ಸ್ ಕರ್ನಲನ್ನು ಹಂಚಿಕೊಳ್ಳುವ ಬೇರೆ ಬೇರೆ ಡಬ್ಬಿಗಳನ್ನು ಮಾಡುತ್ತದೆ, ಹಾಗಾಗಿ ಹಗುರ. ಆದರೆ ವಿಂಡೋಸ್ ಮೇಲೆ ಲಿನಕ್ಸ್ ಡಬ್ಬಿಗಳನ್ನು ಓಡಿಸಲು ಅದಕ್ಕೂ ಕೆಳಗೊಂದು ವರ್ಚುವಲ್ ಮೆಷಿನ್ ಬೇಕು. ಅದು ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಮೈಕ್ರೋಸಾಫ್ಟಿನ ಆ ವ್ಯವಸ್ಥೆ ಚಾಲೂ ಇರುವಾಗ ವರ್ಚುವಲ್‌ಬಾಕ್ಸ್ ಮಂದಗತಿಯಲ್ಲಿ ಓಡುವುದುಂಟು. ಆಗ ಅದರ ಕಿಟಕಿಯ ಕೆಳಅಂಚಿನಲ್ಲಿ ಒಂದು ಹಸಿರು ಆಮೆಯ ಚಿತ್ರ ಕಾಣಿಸುತ್ತದೆ. ಆಮೆ ಕಂಡರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ನೀವು ಕಟ್ಟಿದ ಯಂತ್ರ ಪೂರ್ತಿಯಾಗಿದೆಯೇ ಎಂದು ತಿಳಿಯಲು ನೇರವಾದ ಪರೀಕ್ಷೆಯೊಂದಿದೆ. ಪ್ರೋಗ್ರಾಮಿನ ಪ್ರತಿ ಗಿಟ್‌ನಲ್ಲಿ ಭದ್ರವಾಗಿದೆಯೆಂದು ಖಚಿತಪಡಿಸಿಕೊಂಡು, ‘ವೇಗ್ರಂಟ್ ಡಿಸ್ಟ್ರಾಯ್’ ಎಂಬ ಆದೇಶದಿಂದ ಒಳಯಂತ್ರವನ್ನು ಅಳಿಸಿಬಿಡಿ. ಮತ್ತೆ ‘ವೇಗ್ರಂಟ್ ಅಪ್’ ಎನ್ನಿ. ಹೊಸ ಯಂತ್ರದಲ್ಲಿ ಪ್ರೋಗ್ರಾಮ್ ಓಡದಿದ್ದರೆ, ಹಿಂದೆ ಯಾವಾಗಲೋ ಕೈಯಿಂದ ಮಾಡಿ ಕಡತದಲ್ಲಿ ಬರೆಯದೆ ಬಿಟ್ಟ ಹೆಜ್ಜೆಯೊಂದು ಇದೆ ಎಂದರ್ಥ. ಅದನ್ನು ಹುಡುಕಿ ಬರೆದು, ಇನ್ನೊಮ್ಮೆ ಅಳಿಸಿ ಕಟ್ಟಿ ನೋಡಿ. ಪ್ರತಿಸಲವೂ ಜಾಲದಿಂದ ಸಾಕಷ್ಟು ತಂತ್ರಾಂಶ ಇಳಿಯಬೇಕಾದ್ದರಿಂದ, ಮೊಬೈಲಿನ ದಿನದ ಡೇಟಾ ಮಿತಿಯಲ್ಲಿ ಇದನ್ನು ಮಾಡದೆ, ಪ್ರಾಜೆಕ್ಟ್ ಒಪ್ಪಿಸುವುದಕ್ಕೆ ವಾರವಿರುವಾಗಲೇ ಕಾಲೇಜಿನ ಜಾಲದಲ್ಲಿ ಮಾಡಿ ಮುಗಿಸುವುದು ಅನುಕೂಲ.